ಪೆಟ್ಟಿಗೆಯ ದನಿ

ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಮನೆಯಲ್ಲಿ ತಂದೆ ಮಗನ ನಡುವೆ ಒಂದು ಸಣ್ಣ ಜಗಳವಾಯಿತು. ಕಾರಣ ಹೇಳಿದರೆ ನೀವು ನಗುತ್ತೀರಿ. ಒಂದು ಹಳೆಯ ಕಂಪ್ಯೂಟರ್ ಆಟದ ಸಂಗೀತ ಹೇಗಿರಬೇಕು ಎಂಬುದರ ಮೇಲೆ ನಡೆದ ಜಗಳ ಅದು. ನಲವತ್ತೈದು ದಾಟಿದ ಬ್ಯಾಂಕ್ ಗುಮಾಸ್ತ ಇಂಥದಕ್ಕೆ ದನಿ ಎತ್ತುವುದು ಶೋಭಿಸುವ ಮಾತಲ್ಲ. ಆದರೂ ಎತ್ತಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮಲಗಿದಲ್ಲೇ ಯೋಚಿಸುತ್ತ ಹೋದಂತೆ, ಆಟದ ಸಂಗೀತದಿಂದ ಶುರುವಾದದ್ದು ನಾನು ಬಹಳ ವರ್ಷಗಳಿಂದ ತೆರೆಯದೆ ಇಟ್ಟಿದ್ದ ಒಂದು ಲೆಕ್ಕದ ಹತ್ತಿರ ಬಂದು ನಿಂತಿತು. ಕನ್ನಡ ಮಲಯಾಳ ಎರಡೂ ಇರುವ ಮನೆಗಳಿಗೆ ಹೋಗುವ ಈ ವಾರ್ಷಿಕದ ಓದುಗರಿಗೆ ಆ ಲೆಕ್ಕ ಅರ್ಥವಾದೀತು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮೊದಲು ನನ್ನ ಊರಿನ ಗುರುತು ಹೇಳಬೇಕು. ನಾನಿರುವುದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಉದಗೀರದಲ್ಲಿ. ನೌಕರಿಯ ನಿಮಿತ್ತ ಉಮರ್ಗಾದಲ್ಲಿ ಕೆಲವು ವರ್ಷ, ನಿಲಂಗಾದಲ್ಲಿ ಕೆಲವು ವರ್ಷ ಕಳೆದು ಈಗ ಊರಿಗೇ ಬಂದಿದ್ದೇನೆ. ಈ ಮೂರೂ ಊರುಗಳಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಪೇಟೆಗೆ ಹೋದರೆ ದಖನಿ ಉರ್ದು ಆಡುವ ಕುಟುಂಬಗಳು ಇನ್ನೂ ಇವೆ. 1956ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯ ತಾಲೂಕುಗಳು. ಆ ವರ್ಷ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾದವರ ಜೊತೆಯಲ್ಲಿ ಮುಂಬಯಿ ರಾಜ್ಯಕ್ಕೆ ಹೋದೆವು. ಅದೇ ದಿನ, ಅದೇ ಕಾಯಿದೆಯಿಂದ, ಕಾಸರಗೋಡು ಕೇರಳಕ್ಕೆ ಸೇರಿತು. ನಿಮಗೂ ನಮಗೂ ನಡುವೆ ನೂರಾರು ಮೈಲಿ ಇದೆ, ಆದರೆ ಒಂದೇ ದಿನ ಬೇರೆಯಾದ ಮನೆಗಳವರು ನಾವು.

ಈಗ ಜಗಳದ ವಿಷಯ.

1999ರಲ್ಲಿ ನಾನು ಬಿ.ಎ. ಓದುತ್ತಿದ್ದಾಗ ಉದಗೀರದ ಒಂದು ಖಾಸಗಿ ಕಂಪ್ಯೂಟರ್ ತರಗತಿಗೆ ಸೇರಿದೆ. ಅಲ್ಲಿ ಆರು ಯಂತ್ರಗಳಿದ್ದವು. ಐದಕ್ಕೆ ಕುಂಯ್‌ಗುಟ್ಟುವ ಒಳಗಿನ ಸಣ್ಣ ಸ್ಪೀಕರ್ ಬಿಟ್ಟರೆ ಬೇರೆ ದನಿ ಇರಲಿಲ್ಲ. ಆ ಸ್ಪೀಕರಿಗೆ ಒಂದು ಸಲಕ್ಕೆ ಒಂದೇ ಸ್ವರ ಸಾಧ್ಯ, ಒಬ್ಬನೇ ಸಿಳ್ಳೆ ಹಾಕಿದ ಹಾಗೆ. ನಾವೆಲ್ಲ 'ಪ್ರಿನ್ಸ್' ಎಂದು ಕರೆಯುತ್ತಿದ್ದ 'ಪ್ರಿನ್ಸ್ ಆಫ್ ಪರ್ಷಿಯಾ' ಆಟದ ಸಂಗೀತವನ್ನು ನಾನು ಮೊದಲು ಕೇಳಿದ್ದು ಆ ಸಿಳ್ಳೆಯಲ್ಲಿ. 1989ರಲ್ಲಿ ಬಂದ ಆ ಆಟವನ್ನು ಬರೆದವರು ಜೋರ್ಡನ್ ಮೆಕ್ನರ್ ಎಂಬ ತರುಣ. ಅದಕ್ಕೆ ಸಂಗೀತ ಮಾಡಿದವರು ಅವರ ತಂದೆ ಫ್ರಾನ್ಸಿಸ್ ಮೆಕ್ನರ್. ಇದು ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತಾದ ಮೇಲೆ ಆ ಸಿಳ್ಳೆಯ ಮೇಲೆ ಇನ್ನಷ್ಟು ಪ್ರೀತಿ ಬಂದಿದೆ.

ಆರನೆಯ ಯಂತ್ರದಲ್ಲಿ ಮಾತ್ರ ಒಂದು ಸೌಂಡ್ ಕಾರ್ಡ್ ಇತ್ತು. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಶನಿವಾರ ಸಂಜೆ ಪಾಠ ಮುಗಿದ ಮೇಲೆ, ಶುಲ್ಕ ಬಾಕಿ ಇಲ್ಲದವರಿಗೆ ಅರ್ಧ ಗಂಟೆ ಆ ಯಂತ್ರ ಸಿಗುತ್ತಿತ್ತು. ಅದರಲ್ಲಿ 'ಡೂಮ್' ಎಂಬ ಆಟವಿತ್ತು. 1993ರ ಡಿಸೆಂಬರಿನಲ್ಲಿ ಬಂದ ಆ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು ಎಂದು ಮಾಡಿದವರೇ ಬಿಟ್ಟಿದ್ದರು. ಹಾಗಾಗಿ ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತ ನಮ್ಮ ಊರಿಗೂ ಬಂದಿತ್ತು. ದೆವ್ವಗಳನ್ನು ಗುಂಡಿಟ್ಟು ಕೊಲ್ಲುವ ಆಟ. ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ನನಗೆ ಬೇಕಾಗಿದ್ದು ಅದರ ಸಂಗೀತ. ತಗಡಿನ ಡಬ್ಬಿಯೊಳಗೆ ಗಿಟಾರ್ ಇಟ್ಟು ನುಡಿಸಿದಂಥ ದನಿ. ಗುಂಯ್‌ಗುಡುವ, ಒರಟಾದ, ಎಲ್ಲಿಯೂ ಕೇಳದಂಥ ದನಿ. ಸಿಳ್ಳೆಯ ನಂತರ ಅದನ್ನು ಕೇಳಿದವನಿಗೆ ಊರಿನ ಗೋಡೆಗಳೇ ಹಿಂದೆ ಸರಿದಂತಾಯಿತು. ಕೆಲವು ವರ್ಷಗಳ ನಂತರ ಆ ತರಗತಿ ಮುಚ್ಚಿತು. ಸಾಮಾನು ಮಾರುವಾಗ ನಾನು ಹೋಗಿ ಆ ಕಾರ್ಡನ್ನು ಕೊಂಡುಕೊಂಡೆ. ಇಂದಿಗೂ ಅದು ನಮ್ಮ ಕಬ್ಬಿಣದ ಅಲಮಾರಿಯಲ್ಲಿ, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೂತಿದೆ. ಈಗಿನ ಯಾವ ಯಂತ್ರಕ್ಕೂ ಅದು ಹೊಂದುವುದಿಲ್ಲ.

ದೀಪಾವಳಿಯಲ್ಲಿ ಹದಿನೈದು ವರ್ಷದ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಆಟದ ಮೊದಲ ಹಂತದ ಸಂಗೀತ ಹಚ್ಚಿ, "ಪಪ್ಪಾ, ಕೇಳ್ರಿ, ನಿಮ್ಮ ಆಟದ್ದು" ಅಂದ. ರಾಗ ಅದೇ. ತಾಳ ಅದೇ. ಆದರೆ ಗಿಟಾರ್ ಗಿಟಾರಿನ ಹಾಗೆ ಇತ್ತು, ಡ್ರಮ್ಮು ಡ್ರಮ್ಮಿನ ಹಾಗೆ ಇತ್ತು. ನನಗೆ ಸಿಟ್ಟು ಬಂತು. "ಇದು ಅಲ್ಲೋ. ಯಾರೋ ಕೆಡಿಸ್ಯಾರ. ಅಸಲಿ ಬ್ಯಾರೆ ಇತ್ತು" ಅಂದೆ. ಅವನು ಸಾವಕಾಶ ಹೇಳಿದ: "ಪಪ್ಪಾ, ಇದೇ ಅಸಲಿ. ಮಾಡಿದವ್ರು ಈ ಪೆಟಗಿ ಮ್ಯಾಲೇ ಮಾಡ್ಯಾರ. ನೀವು ಕೇಳಿದ್ದು ನಕಲಿ." ನಾನು ದನಿ ಏರಿಸಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಎದ್ದು ಹೋದ.

ಅವನ ಮಾತು ನಿಜ ಎಂದು ನನಗೆ ಗೊತ್ತಿತ್ತು. ಅದು ತಿಳಿಯಬೇಕಾದರೆ ಮಿಡಿ ಎಂದರೇನು ಎಂದು ಸ್ವಲ್ಪ ವಿವರಿಸಬೇಕು. 1980ರ ದಶಕದ ಆರಂಭದವರೆಗೂ ಒಂದು ಕಂಪನಿಯ ವಿದ್ಯುತ್ ವಾದ್ಯಕ್ಕೆ ಇನ್ನೊಂದು ಕಂಪನಿಯ ವಾದ್ಯದ ಮಾತು ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮೊದಲಾದವರು ಕೂಡಿ ಎಲ್ಲ ವಾದ್ಯಗಳಿಗೂ ತಿಳಿಯುವ ಒಂದು ಸಂಕೇತಭಾಷೆ ಮಾಡಿದರು. 1983ರಲ್ಲಿ ಎರಡು ಬೇರೆ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ ಜನರಿಗೆ ತೋರಿಸಿದರು. ಅದೇ ಮಿಡಿ. ಅದರಲ್ಲಿ ದನಿ ಇಲ್ಲ. ಯಾವ ಸ್ವರ ಒತ್ತಬೇಕು, ಎಷ್ಟು ಜೋರಾಗಿ ಒತ್ತಬೇಕು, ಯಾವಾಗ ಬಿಡಬೇಕು ಎಂಬ ಆಜ್ಞೆಗಳು ಮಾತ್ರ ಇರುತ್ತವೆ.

ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಮಿಡಿ ಎಂಬುದು ಡಿಮಾಂಡ್ ಡ್ರಾಫ್ಟ್ ಇದ್ದ ಹಾಗೆ. ಡ್ರಾಫ್ಟಿನೊಳಗೆ ಹಣ ಇರುವುದಿಲ್ಲ. ಇಷ್ಟು ಹಣ ಕೊಡಿ ಎಂಬ ಆಜ್ಞೆ ಇರುತ್ತದೆ. ಹಣ ಇರುವುದು ಶಾಖೆಯಲ್ಲಿ. ಒಂದು ಶಾಖೆ ಗರಿಗರಿ ನೋಟು ಕೊಡಬಹುದು, ಇನ್ನೊಂದು ಎಣ್ಣೆ ಹತ್ತಿದ, ಮಡಿಕೆ ಬಿದ್ದ ನೋಟು ಕೊಡಬಹುದು. ಹಾಗೆಯೇ ಆಟದ ಜೊತೆ ಬರುವುದು ಆಜ್ಞೆ. ದನಿ ಕೊಡುವುದು ಯಂತ್ರದೊಳಗಿನ ಕಾರ್ಡು, ಅಥವಾ ಯಂತ್ರಕ್ಕೆ ಜೋಡಿಸಿದ ಪೆಟ್ಟಿಗೆ.

'ಡೂಮ್' ಆಟದ ಸಂಗೀತ ರಚಿಸಿದ ಬಾಬಿ ಪ್ರಿನ್ಸ್ ಅವರ ಬಳಿ ಇದ್ದದ್ದು ರೋಲ್ಯಾಂಡ್ ಕಂಪನಿ 1991ರಲ್ಲಿ ತಂದ ಸೌಂಡ್ ಕ್ಯಾನ್ವಾಸ್ ಎಂಬ ಪೆಟ್ಟಿಗೆ. ಅದರಲ್ಲಿ ನಿಜವಾದ ವಾದ್ಯಗಳಿಂದ ಹಿಡಿದಿಟ್ಟ ದನಿಯ ತುಣುಕುಗಳಿದ್ದವು. ಬೆಲೆಯೂ ಹೆಚ್ಚು. ಲಕ್ಷಾಂತರ ಮನೆಗಳಲ್ಲಿ ಇದ್ದದ್ದು ಬೇರೆ ಜಾತಿಯ ಅಗ್ಗದ ಕಾರ್ಡು. 1987ರಲ್ಲಿ ಕೆನಡಾದಿಂದ ಬಂದ ಆಡ್‌ಲಿಬ್, 1989ರಲ್ಲಿ ಸಿಂಗಪುರದಿಂದ ಬಂದ ಸೌಂಡ್ ಬ್ಲಾಸ್ಟರ್, ಎರಡರೊಳಗೂ ಇದ್ದದ್ದು ಯಮಾಹಾ ಕಂಪನಿಯ ಒಂದೇ ಸಣ್ಣ ಚಿಪ್ಪು. ಆ ಚಿಪ್ಪಿನೊಳಗೆ ಯಾವ ವಾದ್ಯದ ದನಿಯೂ ಇಲ್ಲ. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಾಡಿಸಿ ದನಿ ಹುಟ್ಟಿಸುವ ವಿದ್ಯೆ ಅದು. 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅದನ್ನು ಕಂಡುಹಿಡಿದರು, ಯಮಾಹಾ ಅದರ ಹಕ್ಕು ಪಡೆಯಿತು. ಚಿಪ್ಪಿಗೆ ಗಿಟಾರ್ ಎಂದರೆ ಏನೆಂದು ಗೊತ್ತಿಲ್ಲ. ತನ್ನಲ್ಲಿರುವ ಅಲೆಗಳಿಂದ ಗಿಟಾರಿನಂತೆ ಏನನ್ನೋ ಮಾಡಲು ಹೆಣಗುತ್ತದೆ. ನಾನು ಪ್ರೀತಿಸಿದ ದನಿ ಆ ಹೆಣಗಾಟದ ದನಿ.

ಆ ಪೆಟ್ಟಿಗೆ ಬಂದ ವರ್ಷವೇ, 1991ರಲ್ಲಿ, ಮಿಡಿಗೆ 128 ವಾದ್ಯಗಳ ಒಂದು ಸರ್ವಸಮ್ಮತ ಪಟ್ಟಿಯೂ ಬಂತು. ಪಟ್ಟಿಯಲ್ಲಿ ಮೊದಲು ಪಿಯಾನೋ. ಸಿತಾರಿಗೆ 105ನೆಯ ಸ್ಥಾನ, ಶಹನಾಯಿಗೆ 112ನೆಯದು. ತಬಲಾ ಇಲ್ಲ, ಹಾರ್ಮೋನಿಯಂ ಆ ಹೆಸರಿನಿಂದ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ಹತ್ತಿರದ ಇನ್ನೊಂದು ಹೆಸರಿನಡಿಯಲ್ಲಿ ಸೇರಿಕೊಳ್ಳಬೇಕು. ಗಡಿಯ ಜನರಿಗೆ ಇದು ಹೊಸ ಮಾತಲ್ಲ. ಇಂದಿಗೂ ವಿಂಡೋಸ್ ಇರುವ ಕಂಪ್ಯೂಟರುಗಳಲ್ಲಿ ರೋಲ್ಯಾಂಡಿನಿಂದ ಪಡೆದ ಈ ವಾದ್ಯಗಳ ದನಿಯ ಒಂದು ಸಣ್ಣ ಕಡತ ಇರುತ್ತದೆ. ನಾನು ಬಡ್ಡಿ ಲೆಕ್ಕ ಹಾಕುವ ಯಂತ್ರದೊಳಗೂ ಒಂದು ಸಿತಾರು, ಒಂದು ಶಹನಾಯಿ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ ಎಂದು ನೆನೆದು ಕೆಲವೊಮ್ಮೆ ನಗು ಬರುತ್ತದೆ.

ಹೀಗೆ ನೋಡಿದರೆ ಅಸಲಿ ಯಾವುದು? ರಚಿಸಿದವರು ತಮ್ಮ ಕೋಣೆಯಲ್ಲಿ ಕೇಳಿದ್ದು ಅಸಲಿ ಎಂದರೆ ಮಗ ಗೆದ್ದ. ಆಜ್ಞೆಯೇ ಅಸಲಿ, ದನಿ ಯಾವುದಾದರೇನು ಎಂದರೆ ಇಬ್ಬರೂ ಗೆದ್ದೆವು, ಜಗಳಕ್ಕೆ ಅರ್ಥವೇ ಇಲ್ಲ. ಕೇಳಿದವನ ಕಿವಿಯಲ್ಲಿ ಉಳಿದದ್ದು ಅಸಲಿ ಎಂದರೆ ನಾನು ಗೆದ್ದೆ. ಆದರೆ ಆಗ ಕಿವಿಗೊಂದು ಅಸಲಿ. ಈ ಮೂರರಲ್ಲಿ ಒಂದನ್ನು ಆರಿಸುವುದು ನನ್ನಿಂದ ಆಗಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಯಿತು. ನಾನು 'ಅಸಲಿ' ಎಂಬ ಶಬ್ದವನ್ನು ಪ್ರಾಮಾಣಿಕವಾಗಿ ಬಳಸಿರಲಿಲ್ಲ. 'ನನ್ನದು' ಎಂದು ಹೇಳಬೇಕಾದಲ್ಲಿ 'ಅಸಲಿ' ಎಂದು ಹೇಳಿದ್ದೆ. ನನ್ನ ಹದಿಹರೆಯಕ್ಕೆ ಸತ್ಯದ ಮೊಹರು ಒತ್ತಿದ್ದೆ.

ಹಳಹಳಿಕೆಯ ಮೊದಲ ದೋಷ ಇದೇ ಎಂದು ತೋರುತ್ತದೆ. ಕಳೆದುಹೋದದ್ದು ನಮಗೆ ಬೇಕು ಎಂಬುದರಿಂದ ಅದು ಒಳ್ಳೆಯದಾಗಿತ್ತು ಎಂದು ಅದು ತೀರ್ಪು ಕೊಟ್ಟುಬಿಡುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಒಂದು ಕಠೋರ ಉದಾಹರಣೆ ಇದೆ. 1993ರ ಸೆಪ್ಟೆಂಬರ್ 30ರಂದು ನಸುಕಿನ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಗಣಪತಿ ಕಳುಹಿಸಿ ದಣಿದು ಮಲಗಿದ್ದ ಜನ. ಔಸಾ ಮತ್ತು ಉಮರ್ಗಾ ತಾಲೂಕಿನ ಹಳ್ಳಿಗಳಿಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿತ್ತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಅವರವರ ಮನೆಗಳೇ: ಮಣ್ಣಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಆಮೇಲೆ ಸರಕಾರ ಬೇರೆ ಜಾಗದಲ್ಲಿ ಅಗಲ ರಸ್ತೆಯ, ಸಾಲುಸಾಲಾದ ಹೊಸ ಊರುಗಳನ್ನು ಕಟ್ಟಿಸಿತು. ನಾನು ಉಮರ್ಗಾದಲ್ಲಿದ್ದಾಗ ಪಿಂಚಣಿ ಹಣ ತೆಗೆಯಲು ಬರುತ್ತಿದ್ದ ಒಬ್ಬ ಮುದುಕರು ಹೇಳುತ್ತಿದ್ದರು, ಹೊಸ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ, ಹಳೆಯ ಮಾಳಿಗೆಯ ತಂಪು ಇಲ್ಲ, ಓಣಿ ಇಲ್ಲ ಎಂದು. ಆ ಮಾಳಿಗೆಯ ಕೆಳಗೇ ಅವರು ಹೆಂಡತಿಯನ್ನು ಕಳೆದುಕೊಂಡಿದ್ದರು. ಅವರಿಗೆ ಮಾಳಿಗೆ ಬೇಕು ಎಂಬುದು ಸುಳ್ಳಲ್ಲ. ಆದರೆ ಅದರಿಂದ ಮಾಳಿಗೆ ಒಳ್ಳೆಯದಾಗುವುದಿಲ್ಲ. ಅವರು ಹೊಸ ಮನೆಯನ್ನು ಕೆಡವಿರೆಂದು ಯಾರಿಗೂ ಹೇಳಲಿಲ್ಲ. ಮೊಮ್ಮಕ್ಕಳನ್ನು ಅದರಲ್ಲೇ ಮಲಗಿಸಿ, ತಾವು ಅಂಗಳದಲ್ಲಿ ಮಲಗುತ್ತಿದ್ದರು. ಹಂಬಲವನ್ನು ತಾವೇ ಹೊತ್ತುಕೊಂಡು, ಅದರ ಭಾರ ಮಕ್ಕಳ ಮೇಲೆ ಹಾಕದ ಆ ಮುದುಕರು ನನ್ನ ಪಾಲಿಗೆ ದೊಡ್ಡ ಗುರುಗಳು. ನಾನು ಒಂದು ಆಟದ ಸಂಗೀತಕ್ಕೆ ಮಗನ ಮೇಲೆ ಕೂಗಾಡಿದವನು.

ಇಲ್ಲಿಯವರೆಗಿನ ವಿಚಾರ ಸುಲಭ. ಮುಂದಿನದನ್ನು ಬರೆಯಲು ಕಷ್ಟವಾಗುತ್ತದೆ.

ಜಗಳದ ಮರುದಿನ ಮಗ ತಾನಾಗಿಯೇ ಬಂದು, ಅಲಮಾರಿಯ ಕಾರ್ಡು ತೋರಿಸಿ ಎಂದ. ಸೀರೆಯ ತುಂಡು ಬಿಚ್ಚಿದೆ. ಅವನು ಕಾರ್ಡು ನೋಡಿ, ಬಟ್ಟೆ ಹಿಡಿದು ಕೇಳಿದ: "ಇದು ಆಯೀದು ಏನ್ರಿ? ಆಯಿ ಮಾತು ಹೆಂಗಿತ್ತು, ಪಪ್ಪಾ? ಎಲ್ಲ್ಯಾರ ರೆಕಾರ್ಡ್ ಅದ ಏನು?"

ಇಲ್ಲ. ಎಲ್ಲಿಯೂ ಇಲ್ಲ.

ಅವ್ವ ತೀರಿಕೊಂಡದ್ದು 2011ರಲ್ಲಿ. ಮಗ ಆಗ ಒಂದು ವರ್ಷದವನು. ಆ ಹೊತ್ತಿಗೆ ನನ್ನ ಬಳಿ ಮೊಬೈಲ್ ಫೋನ್ ಬಂದು ಆರು ವರ್ಷವಾಗಿತ್ತು. ಆಗಿನ ಫೋನುಗಳ ರಿಂಗ್‌ಟೋನ್ ಬಹುಪಾಲು ಮಿಡಿಯೇ. ನಾನು ಆಟದ ರಾಗವನ್ನೇ ಹುಡುಕಿ ಅದಕ್ಕೆ ಹಾಕಿಕೊಂಡಿದ್ದೆ. ಫೋನು ಬಂದಾಗಲೆಲ್ಲ ಅವ್ವ ಅಡಿಗೆ ಮನೆಯಿಂದ ಕೂಗುತ್ತಿದ್ದಳು: "ನಿಂದು ಪೆಟಗಿ ಹಾಡ್ಲತ್ತದ ನೋಡೋ!" ಆ ರಾಗ ಇಂದಿಗೂ ನನ್ನ ಬಳಿ ನಾಲ್ಕು ಬಗೆಯ ದನಿಯಲ್ಲಿದೆ. ಕೂಗಿದ ದನಿ ಇಲ್ಲ.

ಫೋನಿನಲ್ಲಿ ದನಿ ಹಿಡಿಯುವ ಸೌಲಭ್ಯ ಇತ್ತು. ಹಿಡಿಯಲಿಲ್ಲ. ಮರೆತೆ ಎಂದು ಬಹಳ ದಿನ ಹೇಳಿಕೊಂಡೆ. ಆ ರಾತ್ರಿ ಗೊತ್ತಾಯಿತು, ಮರೆತದ್ದಲ್ಲ. ಆ ದನಿಗೆ ಬೆಲೆ ಇದೆ ಎಂದು ನನಗೆ ಅನಿಸಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಹೆಂಡತಿಯ ಕಡೆಯ ನೆಂಟರು ಬೆಂಗಳೂರಿನಿಂದ ಬಂದಿದ್ದರು. ಓದಿಕೊಂಡವರು, ಸಜ್ಜನರು. ಅವ್ವ ಸಂಭ್ರಮದಿಂದ ಹೊರಗೆ ಬಂದು, "ಪಾವಣೇರು ಬಂದಾರ, ಪೈಲಾ ನೀರು ಕೊಡ್ರಿ. ಖಿಡಕಿ ತೆಗೀರಿ, ಹವಾ ಬರ್ಲಿ. ಗಡಬಡಿ ಬ್ಯಾಡ, ನಿವಾಂತ ಕೂಡ್ರಿ" ಅಂದಳು. ಬಂದವರಲ್ಲಿ ಒಬ್ಬರು ನಕ್ಕು, "ಅಮ್ಮ ಮಾತಾಡಿದ್ದು ಮರಾಠಿಯಾ?" ಎಂದು ಕೇಳಿದರು. ಅವರಲ್ಲಿ ಕುಹಕ ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದು. ನಾನು ಉತ್ತರ ಕೊಟ್ಟೆ. "ಇಲ್ಲ, ಕನ್ನಡವೇ. ಅವ್ವನಿಗೆ ಸರಿಯಾದ ಕನ್ನಡ ಬರುವುದಿಲ್ಲ." ಅವಳ ಎದುರಿಗೇ ಹೇಳಿದೆ. ಅದೂ ಪುಸ್ತಕದ ಕನ್ನಡದಲ್ಲಿ ಹೇಳಿದೆ, ನನಗೆ ಬರುತ್ತದೆ ಎಂದು ತೋರಿಸಲು.

ಅವ್ವ ಏನೂ ಅನ್ನಲಿಲ್ಲ. ನಕ್ಕು ಒಳಗೆ ಹೋದಳು. ಆದರೆ ಅಂದಿನಿಂದ ಕರ್ನಾಟಕದ ಕಡೆಯಿಂದ ಯಾರೇ ಬಂದರೂ ಅವಳು ಮರಾಠಿಯಲ್ಲಿ ಮಾತಾಡುತ್ತಿದ್ದಳು. ಯಾಕೆಂದು ಕೇಳಿದರೆ, "ನನಗ ಮರಾಠಿ ಚಲೋ ಬರ್ತದ" ಅನ್ನುತ್ತಿದ್ದಳು. 1956ರ ಕಾಯಿದೆ ನಮ್ಮ ಊರನ್ನು ಬೇರೆ ರಾಜ್ಯಕ್ಕೆ ಸೇರಿಸಿತು. ಅವಳ ಬಾಯಿಯ ಕನ್ನಡವನ್ನು ಅದಕ್ಕೆ ಮುಟ್ಟಲಾಗಲಿಲ್ಲ. ನನ್ನ ಒಂದು ವಾಕ್ಯ ಮುಟ್ಟಿತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಿಟಾರ್ ಗೊತ್ತಿಲ್ಲದ ಒಂದು ಚಿಪ್ಪು ತನ್ನ ಬಳಿ ಇದ್ದ ಅಲೆಗಳಿಂದ ಹೆಣಗಿ ಒಂದು ದನಿ ಮಾಡಿತು. ಅದನ್ನು ನಾನು ಅಸಲಿ ಎಂದು ಹೊತ್ತು ಮೆರೆದೆ. ಶಾಲೆ ಕಾಣದ ಒಬ್ಬ ಹೆಂಗಸು ತನ್ನ ಬಳಿ ಇದ್ದ ಕನ್ನಡ, ಮರಾಠಿ, ಉರ್ದು ಎಲ್ಲದರಿಂದ ಒಂದು ಬೆಚ್ಚಗಿನ ಮಾತು ಮಾಡಿ ಬಂದವರಿಗೆ ಕೊಟ್ಟಳು. ಅದನ್ನು ನಾನು ತಪ್ಪು ಎಂದೆ. ಬ್ಯಾಂಕಿನಲ್ಲಿ ಮಾಸಿದ ನೋಟು, ಹರಿದು ಅಂಟಿಸಿದ ನೋಟು ತಂದವರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ; ರಿಜರ್ವ್ ಬ್ಯಾಂಕಿನ ನಿಯಮ ಹಾಗಿದೆ. ಕೈ ಬದಲಾಗಿ ಬದಲಾಗಿ ಮಾಸಿದ ನೋಟಿಗೆ ಪೂರ್ಣ ಬೆಲೆ ಕೊಡಬೇಕು. ಕೌಂಟರಿನಲ್ಲಿ ಗುರುತಿಲ್ಲದವರಿಗೆ ಇಪ್ಪತ್ತು ವರ್ಷದಿಂದ ಹಾಗೆ ಕೊಡುತ್ತಿದ್ದೇನೆ. ಮನೆಯಲ್ಲಿ, ಬಳಸಿ ಬಳಸಿ ಮಾಸಿದ ಮಾತಿಗೆ ಕೊಡಲಿಲ್ಲ.

ಹಳೆಯ ಕಾರ್ಡು ಸತ್ತರೂ ಅದರ ದನಿ ಸತ್ತಿಲ್ಲ ಎಂಬುದನ್ನೂ ಹೇಳಬೇಕು. 2002ರಿಂದ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ; ಅದು ಹೊಸ ಯಂತ್ರದೊಳಗೆ ಹಳೆಯ ಯಂತ್ರವನ್ನು, ಹಳೆಯ ಕಾರ್ಡನ್ನು ನಟಿಸುತ್ತದೆ. ಕೆಲವರು ಯಮಾಹಾ ಚಿಪ್ಪನ್ನು ಬಿಡಿಸಿ, ಒಳಪದರದ ಚಿತ್ರ ತೆಗೆದು, ಅದು ಹೇಗೆ ಲೆಕ್ಕ ಮಾಡುತ್ತಿತ್ತೋ ಹಾಗೆಯೇ ಮಾಡುವ ತಂತ್ರಾಂಶ ಬರೆದಿದ್ದಾರೆ. ಜಗಳದ ಮೂರನೆಯ ದಿನ ಮಗ ನನಗಾಗಿ ಅದನ್ನು ಹಚ್ಚಿಕೊಟ್ಟ. ಅದೇ ತಗಡಿನ ಡಬ್ಬಿ, ಅದೇ ಗುಂಯ್. ಸಂತೋಷವಾಯಿತು. ಅರ್ಧ ಗಂಟೆ ಕೇಳಿದೆ, ಸಾಕಾಯಿತು. ಚಿಪ್ಪಿನ ಒಳಗನ್ನು ಓದಬಹುದು. ಅವ್ವನ ಗಂಟಲಿಗೆ ಅಂಥ ನಕ್ಷೆ ಇಲ್ಲ.

ಆಗ ನನಗೆ ಹಳಹಳಿಕೆಗೂ ಪಶ್ಚಾತ್ತಾಪಕ್ಕೂ ಇರುವ ಅಂತರ ತಿಳಿಯಿತು. ಎರಡೂ ಹಿಂದಕ್ಕೆ ನೋಡುತ್ತವೆ. ಹಳಹಳಿಕೆ ನನಗೆ ಸಿಕ್ಕ ಸುಖವನ್ನು ಮತ್ತೆ ಕೇಳುತ್ತದೆ. ಅದು ಸಿಕ್ಕರೆ ತಣಿಯುತ್ತದೆ, ಅರ್ಧ ಗಂಟೆಯಲ್ಲಿ ತಣಿದ ಹಾಗೆ. ಪಶ್ಚಾತ್ತಾಪ ನಾನು ಕೊಡಬೇಕಾಗಿದ್ದ ಬಾಕಿಯನ್ನು ತೋರಿಸುತ್ತದೆ. ಪಡೆಯಬೇಕಾದವರು ಇಲ್ಲದಿದ್ದರೂ ಬಾಕಿ ಬಾಕಿಯೇ. ಬೇರೆ ಯಾರಿಗಾದರೂ ಸಲ್ಲಿಸಬೇಕು. ಹಳಹಳಿಕೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದು ಎಷ್ಟೋ ಸಲ ಬಾಕಿಯ ಜಾಗದಲ್ಲಿ ಕೂತುಬಿಡುತ್ತದೆ. ಅಲಮಾರಿಯಲ್ಲಿ ಕಾರ್ಡು ಜೋಪಾನ ಮಾಡಿದವನಿಗೆ ತಾನು ಹಳೆಯದನ್ನು ಕಾಪಾಡುವವನು ಎಂಬ ಸಮಾಧಾನ ಇರುತ್ತದೆ. ಆ ಸಮಾಧಾನದ ನೆರಳಿನಲ್ಲಿ ನಿಜವಾಗಿ ಕಾಪಾಡಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಸಂಘಗಳ ಕಾರ್ಯಕ್ರಮಗಳಲ್ಲಿ ಕಾವೇರಿಯಿಂದ ಗೋದಾವರಿಯವರೆಗೆ ಎಂದು ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ಗೋದಾವರಿಯ ಸುದ್ದಿ ಹೇಳಿ ಮನೆಗೆ ಬಂದು ಅವ್ವನ ಮಾತು ತಿದ್ದಿದವನು.

ಹಾಗಾದರೆ ಮಕ್ಕಳಿಗೆ ಪುಸ್ತಕದ ಕನ್ನಡ ಬೇಡವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಕು. ಡ್ರಾಫ್ಟೇ ಕಳೆದರೆ ಯಾವ ಶಾಖೆಯೂ ಹಣ ಕೊಡುವುದಿಲ್ಲ. ಅಕ್ಷರ, ವ್ಯಾಕರಣ, ಪುಸ್ತಕ ಇಲ್ಲದಿದ್ದರೆ ಬಸವಕಲ್ಯಾಣದ ವಚನ ಉದಗೀರಕ್ಕೂ ಬರುವುದಿಲ್ಲ, ಕಾಸರಗೋಡಿಗೂ ಬರುವುದಿಲ್ಲ. ನನ್ನ ಈ ಬರಹ ನಿಮಗೆ ತಿಳಿಯುವುದಿಲ್ಲ. ಆದರೆ ಡ್ರಾಫ್ಟನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೆ ಹೊಟ್ಟೆ ತುಂಬುವುದಿಲ್ಲ. ಅದು ಯಾವುದೋ ಮನೆಯಲ್ಲಿ, ಯಾರದೋ ಬಾಯಲ್ಲಿ, ಅವರ ಬಳಿ ಇರುವ ನೋಟಿನಲ್ಲಿ ಸಂದಾಯವಾಗಬೇಕು. ನಿಮ್ಮಲ್ಲಿ ಆ ನೋಟಿಗೆ ತುಳುವಿನ, ಮಲಯಾಳದ ಬಣ್ಣ ಹತ್ತಿರುತ್ತದೆ; ನಮ್ಮಲ್ಲಿ ಮರಾಠಿಯದು.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಅವ್ವನ ಮಾತನ್ನು ಗೌರವಿಸಬೇಕಿತ್ತು ಎಂದು ಈಗ ಹೇಳುವುದು ಸುಲಭ, ಅವಳು ಇಲ್ಲ. ಮಗ ಇದ್ದಾನೆ. ಅವನ ಕನ್ನಡದಲ್ಲಿ ಮರಾಠಿಯ ಜೊತೆ ಇಂಗ್ಲಿಷು, ಹಿಂದಿ ಸೇರಿವೆ. "ಪಪ್ಪಾ, ಡೌನ್‌ಲೋಡ್ ಹೊಂಟದ, ಜರಾ ಥಾಂಬ್ರಿ" ಅನ್ನುತ್ತಾನೆ. ಕೇಳಿದ ಕೂಡಲೆ ನನ್ನ ನಾಲಿಗೆ ತಿದ್ದಲು ಏಳುತ್ತದೆ. ಅವ್ವನ ಹಾಗೆ ಮಾತಾಡು ಎಂದು ಹೇಳಬೇಕೆನಿಸುತ್ತದೆ. ಒಮ್ಮೆ ಬೆಂಗಳೂರಿನವರ ಹೆಸರಿನಲ್ಲಿ ಅವ್ವನನ್ನು ತಿದ್ದಿದೆ, ಈಗ ಅವ್ವನ ಹೆಸರಿನಲ್ಲಿ ಮಗನನ್ನು ತಿದ್ದಿದರೆ ನಾನು ಕಲಿತದ್ದು ಏನೂ ಇಲ್ಲ. ಅವನೂ ತನ್ನ ಬಳಿ ಇರುವ ಅಲೆಗಳಿಂದ ಹೆಣಗುತ್ತಿದ್ದಾನೆ. ಓದಲು ಬರೆಯಲು ಕಲಿಸುವುದು ನನ್ನ ಕೆಲಸ. ಅವನಿಗೆ ಈಗ ಭಾನುವಾರ ಒಂದು ಗಂಟೆ ಕನ್ನಡ ಓದಿಸುತ್ತೇನೆ. ಆದರೆ ಆಡುವಾಗ ನಡುವೆ ಬಾಯಿ ಹಾಕುವುದಿಲ್ಲ ಎಂದು ನಿಶ್ಚಯ ಮಾಡಿದ್ದೇನೆ. ದಿನಕ್ಕೆ ನಾಲ್ಕು ಸಲ ತಪ್ಪುತ್ತೇನೆ.

ರಜೆಯ ಕೊನೆಗೆ ಇಬ್ಬರೂ ನಿಲಂಗಾಕ್ಕೆ ಹೋದೆವು. ಅಲ್ಲಿ ಅವ್ವನ ತಂಗಿ, ನನ್ನ ಚಿಗವ್ವ ಇದ್ದಾಳೆ. ವಯಸ್ಸು ಎಂಬತ್ತರ ಹತ್ತಿರ. ಮಗ ಫೋನು ಮುಂದೆ ಇಟ್ಟು, "ಆಯಿ, ಏನಾರ ಹೇಳು, ರೆಕಾರ್ಡ್ ಮಾಡ್ತೀನಿ" ಅಂದ. ಚಿಗವ್ವ ಸೆರಗು ಸರಿ ಮಾಡಿಕೊಂಡು, ಯಾರೋ ದೊಡ್ಡವರ ಮುಂದೆ ಕೂತವಳಂತೆ, ಮರಾಠಿಯಲ್ಲಿ ಶುರು ಮಾಡಿದಳು. ನನ್ನ ಎದೆ ಧಸಕ್ಕೆಂದಿತು. ಅಕ್ಕ ಕಲಿತ ಪಾಠವನ್ನು ತಂಗಿಯೂ ಕಲಿತಿದ್ದಳೋ, ಅಥವಾ ಯಾರೋ ಇಲ್ಲಿಯೂ ಕಲಿಸಿದ್ದರೋ. ಮಗ ಫೋನನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟ. ಅದು ಕೇಳುತ್ತಲೇ ಇದೆ ಎಂದು ಹೇಳಿಯೇ ಇಟ್ಟ. ಆಮೇಲೆ, "ಆಯಿ, ಧಪಾಟಿ ಹೆಂಗ ಬಡೀತಾರ, ತೋರ್ಸು" ಅಂದ. ಹಿಟ್ಟು ಬಂತು, ನೀರು ಬಂತು. ಐದು ನಿಮಿಷದಲ್ಲಿ ಚಿಗವ್ವ ಫೋನು ಮರೆತಳು. "ಹಂಗಲ್ಲೋ ಬಾಳಾ, ಕೈಗಿ ನೀರು ಹಚ್ಗೊ, ನಿವಾಂತ ಬಡಿ, ಗಡಬಡಿ ಬ್ಯಾಡ" ಅಂದಳು.

ನಿವಾಂತ, ಗಡಬಡಿ. ಆ ಎರಡು ಶಬ್ದ ಅದೇ ಏರಿಳಿತದಲ್ಲಿ ಬಂದವು. ನಾನು ಎದ್ದು ಅಂಗಳಕ್ಕೆ ಹೋದೆ.

ಆ ಧ್ವನಿಮುದ್ರಣ ನಲವತ್ತು ನಿಮಿಷ ಇದೆ. ತಟ್ಟುವ ಸದ್ದು, ಒಲೆಯ ಸದ್ದು, ಹೊರಗೆ ಹೋಗುವ ಎಸ್.ಟಿ. ಬಸ್ಸಿನ ಹಾರ್ನು ಎಲ್ಲ ಅದರಲ್ಲಿವೆ. ಅದು ಅವ್ವನ ದನಿಯಲ್ಲ. ಅವಳ ಬಾಕಿ ಅದರಿಂದ ತೀರಲಿಲ್ಲ. ಆದರೆ ಚಿಗವ್ವ ಈಗ ವಾರಕ್ಕೊಮ್ಮೆ ಮಗನಿಗೆ ಫೋನು ಮಾಡುತ್ತಾಳೆ, ಕನ್ನಡದಲ್ಲಿ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿಯೂ ಒಬ್ಬ ಅಜ್ಜಿ, ಒಬ್ಬ ದೊಡ್ಡಮ್ಮ ಇರಬಹುದು. ಮುಂದಿನ ಸಲ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ನೆಂಟರು ಬಂದು, ಇದು ಯಾವ ಭಾಷೆ ಎಂದು ನಗುತ್ತ ಕೇಳಿದರೆ, "ಇದು ನಮ್ಮ ಮನೆಯ ಕನ್ನಡ" ಎಂದು ಹೇಳಿ. ಹೇಳುವಾಗ ಅವರ ಎದುರಿಗೇ, ಅವರಿಗೆ ಕೇಳಿಸುವ ಹಾಗೆ ಹೇಳಿ.